ಬಿಡು ಎಂದರೆ ಬಿಡುವ ನಾಯಿ

ನಾಯಿಯ ಪಟ್ಟನ್ನು ಕಲ್ಲಿನಲ್ಲಿ ಕೆತ್ತಿಸಿ ಗೌರವಿಸಿದ ನಾಡು ನಮ್ಮದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗದೊರೆ ಬೂತುಗನು ಮೆಚ್ಚಿ ವರವೀಯಲು ಮುಂದಾದಾಗ, ಆ ವೀರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು, ತಾನೂ ಮಡಿಯಿತು. ಕ್ರಿ. ಶ. 950ರ ಸುಮಾರಿನ ಆ ಆತಕೂರಿನ ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಹಿಡಿದುದನ್ನು ಬಿಡದಿರುವುದು ಬೇಟೆಯಲ್ಲಿ ಗುಣ. ಮನೆಯಂಗಳದಲ್ಲಿ ಅದೇ ತೊಡಕು. ತುಮಕೂರಿಗೆ ಸಮೀಪದ ಹಿರೇಹಳ್ಳಿಯ ಸೀಮೆ ತೆಂಗು, ಅಡಕೆ, ಹಲಸುಗಳ ಸೀಮೆ. ತೋಟದ ಮನೆಗೆ ನಾಯಿಯೇ ಕಾವಲುಗಾರ, ಮಕ್ಕಳಿಗೆ ಅದೇ ಜೊತೆಗಾರ. ಇಂಥ ಕಡೆ ನಾಯಿಗೆ ಆಟದ ಸಾಮಾನನ್ನು ಅಂಗಡಿಯಿಂದ ತರಬೇಕಾಗಿಲ್ಲ. ತೆಂಗಿನ ಮಟ್ಟೆಯ ಚೂರೋ, ಹಳೆಯ ಚೆಂಡೋ, ಹರಿದ ಚಪ್ಪಲಿಯೋ ಸಾಕು. ಆಟ ಆಡಿಸುವುದು ಸುಲಭ; ಆಟ ಮುಗಿಸುವುದೇ ಕಷ್ಟ. ಮಟ್ಟೆಗೆ ಕೈ ಹಾಕಿದರೆ ನಾಯಿ ಓಡುತ್ತದೆ. ಅಟ್ಟಿದರೆ ಇನ್ನೂ ದೂರ ಓಡುತ್ತದೆ. ಹಿಡಿದೆಳೆದರೆ ಹಲ್ಲು ಇನ್ನಷ್ಟು ಬಿಗಿಯುತ್ತದೆ.

ಇದು ಹಟಮಾರಿತನವೆಂದು ಭಾವಿಸುವುದು ತಪ್ಪು. ನಾಯಿಯ ಲೆಕ್ಕದಲ್ಲಿ ಅಟ್ಟುವುದೂ ಆಟ, ಎಳೆಯುವುದೂ ಆಟ. ಯಾವ ವರ್ತನೆಯಿಂದ ಸುಖ ಒದಗುವುದೋ ಅದು ಮರುಕಳಿಸುತ್ತದೆ, ಯಾವುದರಿಂದ ನಷ್ಟವೋ ಅದು ಕುಂದುತ್ತದೆ ಎಂಬ ತತ್ತ್ವವನ್ನು ಅಮೆರಿಕದ ಥಾರ್ನ್‌ಡೈಕ್ ಬೆಕ್ಕುನಾಯಿಗಳ ಮೇಲೆ ಪ್ರಯೋಗ ನಡೆಸಿ, 1898ರ ತನ್ನ ಪ್ರಬಂಧದಲ್ಲಿ ವಿವರಿಸಿದ. ಬಾಯಿ ಬಿಟ್ಟಾಗಲೆಲ್ಲ ಚೆಂಡು ಮಾಯವಾಗಿ ಆಟವೇ ನಿಂತುಹೋದರೆ, ಯಾವ ಜಾಣ ನಾಯಿ ತಾನೆ ಬಾಯಿ ಬಿಟ್ಟೀತು?

ಆದುದರಿಂದ ಕಲಿಸಬೇಕಾದ ಮೊದಲ ಪಾಠ, ಬಿಡುವುದರಿಂದ ನಷ್ಟವಿಲ್ಲ ಎಂಬುದು. ನಾಯಿಗೆ ಅಷ್ಟಾಗಿ ಮಮತೆಯಿಲ್ಲದ ಒಂದು ಸಾಮಾನಿನಿಂದ ಆರಂಭಿಸುವುದು ಲೇಸು. ಸಾಮಾನು ಅದರ ಬಾಯಲ್ಲಿರುವಾಗ ಎಳೆದಾಡದೆ ಸುಮ್ಮನಿದ್ದು, ಬೇಯಿಸಿದ ಮೊಟ್ಟೆಯ ಚೂರನ್ನೋ ಮೂಳೆಯಿಲ್ಲದ ಮಾಂಸದ ತುಣುಕನ್ನೋ ಮೂಗಿನ ಬಳಿ ಹಿಡಿಯಬೇಕು. ಬಾಯಿ ಸಡಿಲಿದೊಡನೆ ‘ಬಿಡು’ ಎಂದು ಮೆಲ್ಲನೆ ನುಡಿದು ತುಣುಕನ್ನು ಕೊಡಬೇಕು. ಬಳಿಕ, ಮುಖ್ಯವಾದ ಮಾತು, ಸಾಮಾನನ್ನು ಒಡನೆಯೇ ಹಿಂದಿರುಗಿಸಬೇಕು. ಹೀಗೆ ಕೆಲವು ದಿನ ನಡೆದ ಮೇಲೆ ಮಾತು ಮೊದಲು, ತಿನಿಸು ಆಮೇಲೆ. ಒಂದೇ ಬಗೆಯ ಎರಡು ಚೆಂಡುಗಳಿದ್ದರೆ ತಿನಿಸೂ ಬೇಕಿಲ್ಲ. ಒಂದನ್ನು ಬಿಟ್ಟೊಡನೆ ಇನ್ನೊಂದನ್ನು ಎಸೆದರಾಯಿತು.

ಆಟದ ನಡುವೆ ಹತ್ತು ಬಾರಿ ‘ಬಿಡು’ ಎಂದರೆ ಒಂಬತ್ತು ಬಾರಿ ಸಾಮಾನು ಮರಳಿ ಬರಬೇಕು. ಹತ್ತನೆಯ ಬಾರಿ ಮಾತ್ರ ಆಟ ಮುಗಿಯಬೇಕು. ಆಗಲೂ ನಾಯಿಯನ್ನು ಬರಿಗೈಯಲ್ಲಿ ಕಳುಹಿಸಬಾರದು. ರೊಟ್ಟಿಯ ನಾಲ್ಕು ಚೂರುಗಳನ್ನು ಅಂಗಳದಲ್ಲಿ ಚೆಲ್ಲಿದರೆ ಮೂಸಿ ಹುಡುಕುತ್ತ ಅದರ ಉದ್ರೇಕ ತಣಿಯುತ್ತದೆ. ಅಷ್ಟರಲ್ಲಿ ಸಾಮಾನು ಕಣ್ಮರೆಯಾಗಿರಬೇಕು. ಮನೆಯ ಮಂದಿಯೆಲ್ಲ ಒಂದೇ ಮಾತನ್ನು ಬಳಸುವುದೂ ಅಗತ್ಯ. ಅಜ್ಜಿ ‘ಕೊಡೋ’ ಎಂದು, ಮಗ ‘ಬಿಡು’ ಎಂದು, ಸೊಸೆ ‘ಥೂ’ ಎಂದು ಗದರಿದರೆ ಪಾಪದ ಪ್ರಾಣಿ ಏನೆಂದು ತಿಳಿದೀತು?

ವೃತ್ತಿನಿರತ ನಾಯಿಗಳ ಶಿಕ್ಷಣದಲ್ಲಿಯೂ ಈ ಪಾಠಕ್ಕೆ ಹಿರಿದಾದ ಸ್ಥಾನ ಉಂಟು. ಬೆಂಗಳೂರಿನ ಬಳಿಯ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆ ಇದೆ. ಸ್ಫೋಟಕಗಳನ್ನು ಮೂಸಿ ಪತ್ತೆಹಚ್ಚುವ ನಾಯಿಗೆ ಅನೇಕ ವೇಳೆ ಚೆಂಡೇ ಸಂಬಳ. ಸಂಬಳವಾಗಿ ಪಡೆದ ಚೆಂಡನ್ನು ಹಿಂದಿರುಗಿಸದ ನಾಯಿಯನ್ನು ಮತ್ತೆ ಶೋಧನೆಗೆ ಹಚ್ಚುವುದೆಂತು?

ತೋಟದ ಮನೆಯಲ್ಲಿ ಈ ಪಾಠದ ಬೆಲೆ ಇನ್ನೂ ಹೆಚ್ಚು. ಇಲಿಪಾಷಾಣ ಬೆರೆಸಿದ ತಿನಿಸು, ಕರುಳಿನಲ್ಲಿ ಸಿಕ್ಕಿಕೊಳ್ಳಬಲ್ಲ ಮಾವಿನ ಗೊರಟೆ, ಚೂಪಾಗಿ ಸೀಳುವ ಬೆಂದ ಮೂಳೆ, ಇವು ನಾಯಿಯ ಬಾಯಿಗೆ ಬಿದ್ದ ಗಳಿಗೆಯಲ್ಲಿ ‘ಬಿಡು’ ಎಂಬ ಎರಡಕ್ಷರವೇ ಅದರ ಪ್ರಾಣ ಉಳಿಸಬಹುದು. ಆ ಗಳಿಗೆಯಲ್ಲಿ ಕಲಿಸಲು ಹೊರಟರೆ ಆಗದು; ಆಟದಲ್ಲಿ ಕಲಿತದ್ದೇ ಆಪತ್ತಿಗೆ ಒದಗಬೇಕು.

ಇನ್ನು ಎಚ್ಚರದ ಮಾತು. ಬಾಯಿಗೆ ಕೈಹಾಕಿ ಕಿತ್ತುಕೊಳ್ಳುವುದು, ಹೊಡೆಯುವುದು ನಾಯಿಗೆ ಕಲಿಸುವುದು ಕಾಪಾಡಿಕೊಳ್ಳುವ ವಿದ್ಯೆಯನ್ನೇ. ಮೈ ಸೆಟೆದು, ಕಣ್ಣಿನ ಬಿಳಿ ತೋರಿ, ಗುರ್ ಎಂದರೆ ಅದು ಮುನ್ಸೂಚನೆ. ಗುರುಗುಟ್ಟಿದ್ದಕ್ಕೆ ದಂಡಿಸಿದರೆ ಸೂಚನೆ ಅಡಗುತ್ತದೆ, ಕಚ್ಚುವ ಬಯಕೆ ಅಡಗುವುದಿಲ್ಲ. ಅಂಥ ನಾಯಿಯಿಂದ ಹಿಂದೆ ಸರಿದು ಪಶುವೈದ್ಯರ ಸಲಹೆ ಪಡೆಯುವುದು ವಿವೇಕ. ಹುಚ್ಚು ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಸಾಕಿದ ನಾಯಿಗೂ ವರ್ಷವರ್ಷವೂ ಲಸಿಕೆ ತಪ್ಪಬಾರದು. ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದದ್ದು ಒಂದೇ: ನಾಯಿಯ ಬಾಯಲ್ಲಿರುವುದನ್ನು ಕಿತ್ತುಕೊಳ್ಳಬೇಡಿ, ಹಿರಿಯರನ್ನು ಕರೆಯಿರಿ. ಬಿಡುವುದನ್ನು ನಾಯಿ ಕಲಿಯುವ ಮುನ್ನ, ಕೀಳದಿರುವುದನ್ನು ಮನುಷ್ಯ ಕಲಿತರೆ ಅರ್ಧ ಪಾಠ ಮುಗಿದಂತೆಯೇ.