ಕಡಲು ಪಕ್ಕದಲ್ಲೇ ಇದ್ರೂ ಟ್ಯಾಂಕ್ ಯಾಕೆ ಪಾಚಿ ಕಟ್ಟುತ್ತೆ? ಉಪ್ಪುನೀರಿನ ಅಕ್ವೇರಿಯಂ ಇಡುವವರು ಓದಲೇಬೇಕು

ಉಡುಪಿ: ಮಲ್ಪೆ, ಕಾಪು, ಕುಂದಾಪುರ ಕಡೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂದುಕೊಳ್ಳುವವರಿಗೆ ಮೊದಲು ಬರುವ ಯೋಚನೆ ಒಂದೇ. ಕಡಲು ಪಕ್ಕದಲ್ಲೇ ಇದೆ, ನೀರಿಗೇನು ಬರ? ಎರಡು ಕ್ಯಾನ್ ತುಂಬಿಸಿ ತಂದರೆ ಆಯ್ತು. ಟ್ಯಾಂಕ್‌ಗೆ ನೀರು ಬೀಳುತ್ತೆ, ಲೈಟ್ ಹತ್ತುತ್ತೆ, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಕ್ಲೌನ್‌ಫಿಶ್ ಜೋಡಿಯೂ ಬರುತ್ತೆ. ಕೆಲವು ವಾರ ಕಳೆಯುವಷ್ಟರಲ್ಲಿ ಮರಳಿನ ಮೇಲೆ ಕಂದು ಪುಡಿ, ಆಮೇಲೆ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ಉಜ್ಜಿ ತೆಗೆದರೆ ವಾರದೊಳಗೆ ಮತ್ತೆ ಹಾಜರ್. ಕೊನೆಗೆ ಬೇಸತ್ತು ಪಾಚಿ ಕೊಲ್ಲುವ ಔಷಧಿ ತಂದು ಸುರಿಯುತ್ತಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ಮೇಲೆ ತೇಲುತ್ತಿರುತ್ತೆ.

ಇಲ್ಲಿ ಮೀನನ್ನು ಕೊಂದದ್ದು ಪಾಚಿ ಅಲ್ಲ. ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬ್ಯಾಕ್ಟೀರಿಯಾ ಎಳೆದುಕೊಳ್ಳುತ್ತೆ. ಕೊಳೆತ ಪಾಚಿಯ ಸತ್ವ ಮತ್ತೆ ನೀರಿಗೇ ಸೇರುತ್ತೆ. ತಾಮ್ರದ ಅಂಶ ಇರುವ ಔಷಧಿಯಾದ್ರೆ ಬಸವನಹುಳು, ಸೀಗಡಿಯೂ ಉಳಿಯಲ್ಲ. ಸರಿಯಾಗಿ ನೋಡಿಕೊಂಡರೆ 10 ವರ್ಷಕ್ಕೂ ಮೇಲೆ ಬದುಕುವ ಮೀನು ಎರಡೇ ತಿಂಗಳಿಗೆ ಹೋಗುವುದು ಹೀಗೆ.

ಪಾಚಿಗೆ ಊಟ ಎಲ್ಲಿಂದ?

ಗದ್ದೆಗೆ ಗೊಬ್ಬರ ಹೇಗೋ, ಪಾಚಿಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಹಾಗೆ. ಮೀನು ತಿಂದು ಬಿಟ್ಟ ಫುಡ್, ಅದರ ಹಿಕ್ಕೆ ಕೊಳೆತಾಗ ಅಮೋನಿಯಾ ಹುಟ್ಟುತ್ತೆ. ಇದು ಮೀನಿಗೆ ವಿಷ. ಕಲ್ಲು, ಮರಳಿನಲ್ಲಿ ಬೆಳೆಯುವ ಒಳ್ಳೆ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಅದನ್ನು ನೈಟ್ರೇಟ್ ಮಾಡುತ್ತೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರವರೆಗೆ ಮೀನು ಬಿಡಬಾರದು. ಕೊನೆಗೆ ಉಳಿಯುವ ನೈಟ್ರೇಟ್ ತಾನಾಗಿ ಬೇಗ ಹೋಗಲ್ಲ. ನೀರು ಬದಲಿಸಿಯೋ, ಬೇರೆ ದಾರಿಯಿಂದಲೋ ನಾವೇ ಹೊರಗೆ ಹಾಕಬೇಕು. ಹಾಕದಿದ್ರೆ ಪಾಚಿ ತಿನ್ನುತ್ತೆ, ಅಷ್ಟೇ.

ಯಾವ ಪಾಚಿ ಅಂತ ಮೊದಲು ನೋಡಿ

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಬರುವ ಕಂದು ಪುಡಿ ಡಯಾಟಮ್. ಗಾಬರಿ ಬೇಡ, ಕೆಲವು ವಾರದಲ್ಲಿ ಹೆಚ್ಚಾಗಿ ತಾನೇ ಹೋಗುತ್ತೆ. ಉದ್ದ ಕೂದಲಿನಂಥ ಹಸಿರು ಪಾಚಿ ಬಂತು ಅಂದ್ರೆ ನೀರಿನಲ್ಲಿ ಗೊಬ್ಬರ ಜಾಸ್ತಿ ಎಂದರ್ಥ. ಕೈಯಿಂದ ಕಿತ್ತು ಹೊರಗೆ ಹಾಕಬೇಕು, ಕಿತ್ತದ್ದನ್ನು ಟ್ಯಾಂಕಿನಲ್ಲೇ ಬಿಡಬಾರದು. ಕೆಂಪು ಲೋಳೆಯ ಹಾಸು ನಿಜವಾಗಿ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಸರಿಯಾಗಿ ಸುತ್ತದ ಮೂಲೆಯಲ್ಲಿ ಹೆಚ್ಚು ಹಿಡಿಯುತ್ತೆ. ಪೈಪಿನಿಂದ ಎಳೆದು ತೆಗೆದು, ಆ ಕಡೆಗೆ ಪಂಪ್ ತಿರುಗಿಸಿದರೆ ಬಹಳಷ್ಟು ಕಡಿಮೆಯಾಗುತ್ತೆ.

ನಾಲ್ಕನೆಯದು ಸ್ವಲ್ಪ ಉಲ್ಟಾ. ಗುಳ್ಳೆ ಹಿಡಿದ ಕಂದು ಸಿಂಬಳದ ಎಳೆಯಂತೆ ಕಾಣುವ ಡೈನೋಫ್ಲಾಜೆಲೇಟ್, ನೈಟ್ರೇಟ್ ಮತ್ತು ಫಾಸ್ಫೇಟ್ ಪೂರ್ತಿ ಸೊನ್ನೆಗೆ ಇಳಿದಾಗಲೇ ಹೆಚ್ಚು ಬರುತ್ತೆ. ಹಾಗಾಗಿ ಎಲ್ಲವನ್ನೂ ಸೊನ್ನೆ ಮಾಡುವ ಹಟವೂ ಬೇಡ. ಮೀನು ಮಾತ್ರ ಇರುವ ಟ್ಯಾಂಕಿನಲ್ಲಿ ನೈಟ್ರೇಟ್ 20 ಪಿಪಿಎಂ ಒಳಗೆ, ಫಾಸ್ಫೇಟ್ 0.1 ಪಿಪಿಎಂ ಆಸುಪಾಸು ಇದ್ದರೆ ಸಾಕು.

ಬೀಚ್ ನೀರು ಬೇಡ ಯಾಕೆ?

ಟ್ಯಾಂಕಿಗೆ ಬೇಕಾದ ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ. ತೆರೆದ ಕಡಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆದರೆ ಮಳೆಗಾಲದಲ್ಲಿ ಸೀತಾ, ಸ್ವರ್ಣಾ, ಉದ್ಯಾವರ ಹೊಳೆಗಳ ಕೆಂಪು ನೀರು ಅಳಿವೆಯಲ್ಲಿ ಕಡಲಿಗೆ ಬೀಳುವಾಗ ದಡದ ನೀರಿನ ಉಪ್ಪು ಇಳಿದುಬಿಡುತ್ತೆ. ಜೊತೆಗೆ ಗದ್ದೆಯ ಗೊಬ್ಬರ, ಪೇಟೆಯ ಚರಂಡಿ ನೀರೂ ಬರುತ್ತೆ. ಬಂದರು ಹತ್ತಿರವಾದ್ರೆ ಬೋಟಿನ ಡೀಸೆಲ್, ಎಣ್ಣೆ ಬೇರೆ. ಅಂಥ ನೀರು ತಂದು ಹಾಕುವುದು ಅಂದ್ರೆ ಪಾಚಿಗೆ ಗೊಬ್ಬರ ಹಾಕಿದಂತೆಯೇ.

ಅದಕ್ಕೇ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪನ್ನು ಶುದ್ಧ ಆರ್‌ಒ ನೀರಿಗೆ ಕಲಸುವುದು ಸುರಕ್ಷಿತ. ಅಡುಗೆ ಉಪ್ಪು ನಡೆಯಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಇರಲ್ಲ. ಬಾವಿ ನೀರೂ ಹುಷಾರು. ತೋಟದ ಗೊಬ್ಬರ, ಶೌಚದ ಗುಂಡಿಯ ಅಂಶ ಇಳಿದಿದ್ದರೆ ಅದರಲ್ಲೇ ನೈಟ್ರೇಟ್ ಇರುತ್ತೆ. ಬದಲಿಸುವ ನೀರಿನಲ್ಲೇ 20 ಪಿಪಿಎಂ ಇದ್ರೆ, ಎಷ್ಟು ಸಲ ನೀರು ಬದಲಿಸಿದರೂ ಟ್ಯಾಂಕ್ 20ಕ್ಕಿಂತ ಕೆಳಗೆ ಇಳಿಯಲ್ಲ.

ಮನೆಯ ಆರ್‌ಒ ಬಗ್ಗೆಯೂ ಒಂದು ಮಾತು. ಕುಡಿಯುವ ನೀರಿನ ಎಷ್ಟೋ ಮೆಷಿನ್‌ಗಳು ರುಚಿಗಾಗಿ ಸ್ವಲ್ಪ ಹಳೆ ನೀರನ್ನು ವಾಪಸ್ ಬೆರೆಸುತ್ತವೆ. ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಯ ಹತ್ತಿರ ಬರಬೇಕು. 60, 80 ತೋರಿಸಿದರೆ ಪಾಚಿಗೆ ದಾರಿ ಬಿಟ್ಟಂತೆ.

ವಾರದ ಕೆಲಸ ಇಷ್ಟೇ

* ವಾರಕ್ಕೊಮ್ಮೆ 10 ಶೇಕಡ ನೀರು ಬದಲಿಸಿ. 100 ಲೀಟರ್ ಟ್ಯಾಂಕಿಗೆ 10 ಲೀಟರ್, ಅದಕ್ಕೆ ಸುಮಾರು 350 ಗ್ರಾಂ ಉಪ್ಪು. ಉಪ್ಪು ಪೂರ್ತಿ ಕರಗಿದ ಮೇಲೆ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, 1.025 ಬರಬೇಕು.

* ಆವಿಯಾಗಿ ನೀರು ಇಳಿದಾಗ ಉಪ್ಪುನೀರು ಹಾಕಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತೆ. ಆರ್‌ಒ ಸಿಹಿನೀರನ್ನೇ ತುಂಬಿಸಿ.

* ಫುಡ್ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ. ಫ್ರೋಜನ್ ಫುಡ್ ಆದ್ರೆ ಕರಗಿಸಿ, ತೊಳೆದು ಹಾಕಿ. ಆ ನೀರಿನಲ್ಲೇ ಫಾಸ್ಫೇಟ್ ಇರುತ್ತೆ.

* ಲೈಟ್ ದಿನಕ್ಕೆ 8 ಗಂಟೆ ಸಾಕು. ಟೈಮರ್ ಹಾಕಿ. ಕಿಟಕಿಯ ಬಿಸಿಲು ಬೀಳುವ ಕಡೆ ಟ್ಯಾಂಕ್ ಇಡಬೇಡಿ.

* ಫಿಲ್ಟರ್ ಸ್ಪಂಜನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆಯಿರಿ, ಪ್ರೋಟೀನ್ ಸ್ಕಿಮ್ಮರಿನ ಕಪ್ ಖಾಲಿ ಮಾಡಿ.

ನೀರು ಬದಲಿಸಿದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ನೈಟ್ರೇಟ್ 40 ಇದ್ದಾಗ 10 ಶೇಕಡ ಬದಲಿಸಿದರೆ ಇಳಿಯುವುದು 36ಕ್ಕೆ ಮಾತ್ರ. ಫುಡ್ ಮೊದಲಿನಂತೆಯೇ ಸುರಿದರೆ ಮತ್ತೆ 40. ಮೊದಲು ಕಡಿಮೆ ಮಾಡಬೇಕಾದದ್ದು ಒಳಗೆ ಹೋಗುವ ಊಟವನ್ನು. ಜಾಗ ಇದ್ದವರು ಕೆಳಗಿನ ಸಂಪ್‌ನಲ್ಲಿ ಕೀಟೋಮಾರ್ಫಾ ಎಂಬ ಒಳ್ಳೆ ಪಾಚಿ ಬೆಳೆಸುತ್ತಾರೆ. ಅದು ಗೊಬ್ಬರ ಹೀರಿ ಬೆಳೆಯುತ್ತೆ. ಆಗಾಗ ಒಂದು ಹಿಡಿ ಕಿತ್ತು ಎಸೆದರೆ ಗೊಬ್ಬರವೂ ಹೊರಗೆ ಹೋದಂತೆ.

ನಮ್ಮ ಕಡೆ ಇನ್ನೂ ಎರಡು ತಲೆನೋವು. ಬೇಸಿಗೆಯ ಸೆಕೆಗೆ ನೀರು 30 ಡಿಗ್ರಿ ದಾಟುತ್ತೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೇಲಿನಿಂದ ಸಣ್ಣ ಫ್ಯಾನ್ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತೆ, ಪಂಪ್ ನಿಲ್ಲುತ್ತೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಇರಲೇಬೇಕು.

ಹವಳಕ್ಕೆ ಕೈ ಹಾಕಬೇಡಿ

ಟ್ಯಾಂಕ್ ಚೆಂದ ಕಾಣಲಿ ಅಂತ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಂಥ ಕಡೆಯಿಂದ ಹವಳದ ಕಲ್ಲು ತರುವುದು, ಮಾರುವುದು ಅಪರಾಧ. ಬಂಡೆ ಕಟ್ಟುವ ಹವಳ, ಸೀ ಫ್ಯಾನ್, ಸಮುದ್ರ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. ಬ್ಯಾಕ್ಟೀರಿಯಾ ಕೂರಲು ಸೆರಾಮಿಕ್ ಕಲ್ಲು ಸಾಕು. ಕ್ಲೌನ್‌ಫಿಶ್ ಆದರೂ ಕಡಲಿನಿಂದ ಹಿಡಿದದ್ದಲ್ಲ, ಹ್ಯಾಚರಿಯಲ್ಲಿ ಮರಿ ಮಾಡಿದ್ದೇ ಬೇಕು ಅಂತ ಅಂಗಡಿಯಲ್ಲಿ ಕೇಳಿ. ಮಂಗಳೂರು, ಕಾರವಾರದಲ್ಲೂ ಕೇಂದ್ರಗಳಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದರ ಮರಿ ಮಾಡಿಸುವ ವಿಧಾನವನ್ನು ಅಭಿವೃದ್ಧಿಪಡಿಸಿದೆ.

ಟ್ಯಾಂಕ್ ತರುವ ಮೊದಲು ನೈಟ್ರೇಟ್ ಮತ್ತು ಅಮೋನಿಯಾ ಟೆಸ್ಟ್ ಕಿಟ್, ಟಿಡಿಎಸ್ ಮೀಟರ್, ರಿಫ್ರ್ಯಾಕ್ಟೋಮೀಟರ್ ಇಷ್ಟನ್ನು ಮೊದಲು ತನ್ನಿ. ಮೀನು ಆಮೇಲೆ.