ರಕ್ತದಲ್ಲಿ ಮಿನುಗುವ ಕಣಗಳು

ರೋಗ ಬಂದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ಜುಮಾ ಖುತ್ಬಾದಲ್ಲಿ ನೆನಪಿಸಿದ್ದೆವು. ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಮೆಲ್ಲನೆ ಕೇಳಿದರು: “ಉಸ್ತಾದರೇ, ಕ್ಯಾನ್ಸರ್ ಅಂತ ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದಿದ್ದಾರೆ. ಮತ್ತೆ ಪಿಎಸ್‌ಎ ರಕ್ತಪರೀಕ್ಷೆ ಯಾಕೆ?” ಇಂಥ ಕಾಯಿಲೆಯನ್ನು ಮನೆಯಲ್ಲೂ ಹೇಳದೆ ನಾಚಿಕೆಯಿಂದ ಮುಚ್ಚಿಡುವವರು ನಮ್ಮಲ್ಲಿ ಕಡಿಮೆಯಿಲ್ಲ, ಅವರು ಕೇಳಿದ್ದೇ ಒಳ್ಳೆಯದಾಯಿತು.

ಪಿಎಸ್‌ಎ ಎಂಬ ಪ್ರೋಟೀನನ್ನು ತಯಾರಿಸುವುದು ಪ್ರಾಸ್ಟೇಟ್ ಜೀವಕೋಶಗಳು. ಗ್ರಂಥಿ ಹೋದ ಮೇಲೆ ಅದು ರಕ್ತದಲ್ಲಿ ಹೆಚ್ಚುಕಡಿಮೆ ಇಲ್ಲವಾಗಬೇಕು. ಮತ್ತೆ ಏರತೊಡಗಿದರೆ ರೋಗ ಎಲ್ಲೋ ಉಳಿದಿರಬಹುದು. ಆದರೆ ಅಷ್ಟು ಸಣ್ಣ ಪ್ರಮಾಣವನ್ನು ಕಾಣುವುದು ಹೇಗೆ?

ಬೆಳಗುವ ಬಣ್ಣ ಹಚ್ಚಿ ಹುಡುಕೋಣವೆಂದರೆ, ಸಾಮಾನ್ಯ ಬೆಳಕು ಬಿದ್ದಾಗ ರಕ್ತದಲ್ಲಿರುವ ಬೇರೆ ವಸ್ತುಗಳೂ ಮಂದವಾಗಿ ಹೊಳೆಯುತ್ತವೆ. ಹಗಲಿನಲ್ಲಿ ಮಿಂಚುಹುಳ ಹುಡುಕಿದಂತೆ. ಇದಕ್ಕೆ ವಿಜ್ಞಾನಿಗಳು ಇಟರ್ಬಿಯಂ, ಎರ್ಬಿಯಂ ಬೆರೆಸಿದ ನ್ಯಾನೋ ಕಣಗಳನ್ನು ಬಳಸುತ್ತಾರೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೀರಿ, ಅದರ ಶಕ್ತಿಯನ್ನು ಕೂಡಿಸಿ, ಕಾಣುವ ಬೆಳಕಾಗಿ ಹೊರಬಿಡುವ ಕಣಗಳಿವು. ರಕ್ತಕ್ಕೆ ಆ ಗುಣವಿಲ್ಲ. ಸುತ್ತ ಕತ್ತಲೆ, ಕಣ ಮಾತ್ರ ಬೆಳಕು. ಕಣಕ್ಕೆ ಅಂಟಿಸಿದ ಪ್ರತಿಕಾಯ ಪಿಎಸ್‌ಎಯನ್ನು ಹಿಡಿದುಕೊಳ್ಳುತ್ತದೆ.

2017ರಲ್ಲಿ ಝೆಕ್ ದೇಶದ ಬ್ರನೋ ಮತ್ತು ಜರ್ಮನಿಯ ರೇಗನ್ಸ್‌ಬರ್ಗ್ ಸಂಶೋಧಕರು ಇಂಥ ಕಣಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸಿ, ಮಿಲಿಲೀಟರಿಗೆ 1.2 ಪಿಕೋಗ್ರಾಂನಷ್ಟು ಪಿಎಸ್‌ಎ ಪತ್ತೆಮಾಡಿದರು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲೇ ಪಿಕೋಗ್ರಾಂ. ಸುಬ್‌ಹಾನಲ್ಲಾಹ್!

ಇದು ಪ್ರಯೋಗಾಲಯದ ಮಾತು. ಆಸ್ಪತ್ರೆಯಲ್ಲಿ ಈಗಿರುವ ಪರೀಕ್ಷೆಯೇ ನಮ್ಮ ಪಾಲಿಗೆ ಮುಖ್ಯ. ಒಂದು ಸಲ ಅಂಕಿ ತುಸು ಏರಿದರೆ ಗಾಬರಿ ಬೇಡ, ವೈದ್ಯರು ಮತ್ತೊಮ್ಮೆ ನೋಡುತ್ತಾರೆ. ಹಳೆಯ ರಿಪೋರ್ಟುಗಳನ್ನೆಲ್ಲ ಹಿಡಿದು, ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದು ಆ ಹಿರಿಯರಿಗೆ ಹೇಳಿದೆವು.