ನಿಮ್ಮ ಕಾರಿನ ಮೈಮೇಲೆ ಎಷ್ಟೊಂದು ಮುದ್ರೆ!

ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ನಿಂತ ಯಾವ ಕಾರಾದರೂ ಸರಿ, ಮುಂದಿನ ಗಾಜಿನ ಕೆಳಮೂಲೆಯನ್ನೊಮ್ಮೆ ಬಗ್ಗಿ ನೋಡಿ. ಎರಡು ಬೆರಳಗಲದ ಜಾಗದಲ್ಲಿ ಎಷ್ಟು ಅಕ್ಷರ, ಎಷ್ಟು ಅಂಕಿ! ಕುಕ್ಕರ್ ಕೊಳ್ಳುವಾಗ ನಾವು ಹುಡುಕುವ ಅದೇ ಐಎಸ್‌ಐ ಗುರುತು ಇಲ್ಲೂ ಇರುತ್ತದೆ. ಅದರ ತಲೆಯ ಮೇಲೆ ಐಎಸ್ 2553, ಅಂದರೆ ಸುರಕ್ಷಾ ಗಾಜಿನ ಭಾರತೀಯ ಮಾನಕ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಎರಡು ಗಾಜಿನ ಹಾಳೆಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಕೂರಿಸಿದ ಗಾಜಿದು. ಬ್ರಹ್ಮಾವರದ ಹತ್ತಿರ ಮುಂದೆ ಹೋಗುವ ಜಲ್ಲಿ ಟಿಪ್ಪರಿನಿಂದ ಕಲ್ಲು ಸಿಡಿದು ಬಡಿದರೆ ಬಿರುಕು ಹರಡುತ್ತದೆ, ಆದರೆ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಕಣ್ಣು ಉಳಿಯುತ್ತದೆ!

ಈಗ ಟಯರಿನ ಹತ್ತಿರ ಕುಳಿತುಕೊಳ್ಳಿ. ಅಲ್ಲೂ ಐಎಸ್‌ಐ, ಅಲ್ಲಿ ಐಎಸ್ 15633. ಪಕ್ಕದಲ್ಲಿ ನಾಲ್ಕು ಅಂಕಿಗಳು, 2323 ಎಂದಿದ್ದರೆ 2023ರ ಇಪ್ಪತ್ತಮೂರನೇ ವಾರದಲ್ಲಿ ಹುಟ್ಟಿದ ಟಯರು. ಹೆಡ್‌ಲೈಟ್ ಮೇಲೆ ವೃತ್ತದೊಳಗೊಂದು ‘ಇ’ ಅಕ್ಷರ ಕಂಡರೆ ಪಕ್ಕದ ಅಂಕಿ ಓದಿ: 1 ಇದ್ದರೆ ಆ ದೀಪಕ್ಕೆ ಒಪ್ಪಿಗೆ ಕೊಟ್ಟದ್ದು ಜರ್ಮನಿ, 4 ಇದ್ದರೆ ನೆದರ್ಲೆಂಡ್ಸ್. ಬೈಂದೂರಿನ ಮನೆಯಂಗಳದಲ್ಲಿ ನಿಂತ ಕಾರಿನ ದೀಪದಲ್ಲಿ ನೆದರ್ಲೆಂಡ್ಸಿನ ಮುದ್ರೆ! ಹ್ವಾಯ್, ಇಲ್ಲ್ ಕಾಣಿ ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಬೇಕೆನಿಸುತ್ತದೆ.

ಬಿಡಿಭಾಗಗಳ ಕತೆಯೇ ಹೀಗಾದರೆ ಇಡೀ ಕಾರಿನದು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಓದಿದರೆ ಗೊತ್ತಾಗುತ್ತದೆ. ಹೊಸ ಮಾದರಿಯೊಂದನ್ನು ಮಾರಬೇಕಾದರೆ ಕಂಪನಿ ಮೊದಲು ಅದರ ಮೂಲಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಬ್ರೇಕು, ಹೊಗೆ, ಹಾರ್ನು, ಕನ್ನಡಿ, ಬಾಗಿಲಿನ ಚಿಲಕ, ಸೀಟು ಬೆಲ್ಟು, ಎಲ್ಲವೂ ಪಾಸಾಗಬೇಕು. ಆಮೇಲೂ ಬಿಡುವುದಿಲ್ಲ. ಕಾರ್ಖಾನೆಯಿಂದ ಹೊರಬರುವ ಕಾರುಗಳು ಅದೇ ಮಾದರಿಯಂತಿವೆಯೇ ಎಂದು ಮತ್ತೆ ಮತ್ತೆ ಪರೀಕ್ಷೆ. ಪ್ರತಿ ಕಾರಿಗೂ ಕಂಪನಿ ಬರೆದುಕೊಡುವ ಫಾರ್ಮ್ 22 ಇದ್ದರೇನೇ ನಮ್ಮ ಉಡುಪಿ ಜಿಲ್ಲೆಯ ಕೆಎ 20 ನಂಬರು.

ಇವೆಲ್ಲಕ್ಕಿಂತ ಮೈ ಜುಮ್ಮೆನ್ನಿಸುವುದು ಡಿಕ್ಕಿಯ ಪರೀಕ್ಷೆ. ಜೇನುಗೂಡಿನಂತೆ ಹೆಣೆದ ಅಲ್ಯೂಮಿನಿಯಂ ತಡೆಗೆ ಕಾರನ್ನು ಗಂಟೆಗೆ 56 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ಮೂತಿಯ ಶೇ 40 ಭಾಗ ಮಾತ್ರ ತಾಗುವಂತೆ, ಅಂದರೆ ಎದುರಿನ ಗಾಡಿ ಓವರ್‌ಟೇಕ್ ಮಾಡಲು ಹೋಗಿ ನಮ್ಮ ಬದಿಗೆ ನುಗ್ಗಿದಾಗ ಆಗುವ ಹಾಗೆಯೇ! ಒಳಗೆ ಕುಳಿತ ಗೊಂಬೆಗಳ ತಲೆ, ಎದೆ, ತೊಡೆಗಳಲ್ಲಿ ಸಂವೇದಕಗಳು. ತಲೆಗೆಷ್ಟು ಪೆಟ್ಟು, ಎದೆಗೂಡು ಎಷ್ಟು ಒಳಕ್ಕೆ ಹೋಯಿತು ಎಂಬುದೆಲ್ಲ ದಾಖಲಾಗುತ್ತದೆ. ಪಕ್ಕದಿಂದ ಗುದ್ದುವ ಪರೀಕ್ಷೆ ಬೇರೆಯೇ ಇದೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ.

ಈ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು ತೀರಾ ಈಚೆಗೆ ಎಂದು ತಿಳಿದಾಗ ಎದೆ ಝಲ್ಲೆಂದಿತು. ಹೊಸ ಮಾದರಿಗಳಿಗೆ 2017ರ ಅಕ್ಟೋಬರ್, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಅಕ್ಟೋಬರ್. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕು ಎಲ್ಲ ಹೊಸ ಕಾರುಗಳಿಗೆ ಬಂದದ್ದು 2019ರ ಏಪ್ರಿಲಿನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ. ಪಕ್ಕದ ಸೀಟಿನವರಿಗೆ 2021ರ ಕೊನೆಯವರೆಗೂ ಕಾಯಬೇಕಾಯಿತು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ಆಷಾಢದ ಮಳೆಯಲ್ಲಿ ತೊಯ್ದ ಹೆದ್ದಾರಿ. ಅಲ್ಲಿ ಎಬಿಎಸ್ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ! ಸೆಕೆಂಡ್‌ಹ್ಯಾಂಡ್ ಕಾರು ನೋಡಲು ಹೋಗುವವರು ಮೈಲೇಜು ಕೇಳುವ ಮೊದಲು ತಯಾರಾದ ತಿಂಗಳು, ವರ್ಷ ಕೇಳಲೇಬೇಕು.

ಕಾರಿನ ಸುರಕ್ಷತೆಗೆ ಕೊಡುವ ನಕ್ಷತ್ರಗಳ ವಿಷಯ ಬೇರೆ. ಅವನ್ನು ಕೊಡುವ, 2023ರ ಅಕ್ಟೋಬರಿನಿಂದ ಜಾರಿಯಾದ ಭಾರತ್ ಎನ್‌ಕ್ಯಾಪ್ ಕಡ್ಡಾಯವಲ್ಲ, ಕಂಪನಿಗೆ ಬಿಟ್ಟದ್ದು. ಅಲ್ಲಿ ಎದುರಿನ ಡಿಕ್ಕಿಯ ವೇಗ 64 ಕಿ.ಮೀ. ಎಂಟೇ ಕಿ.ಮೀ. ಜಾಸ್ತಿ ಅನ್ನಿಸಬಹುದು, ಆದರೆ ಪೆಟ್ಟಿನ ಶಕ್ತಿ ಸುಮಾರು ಶೇ 30 ಹೆಚ್ಚು!

ಇಷ್ಟೆಲ್ಲ ಅಳೆದು ತೂಗಿ ಕೊಟ್ಟ ಕಾರಿಗೆ ನಾವು ಮುಂದೊಂದು ಕಬ್ಬಿಣದ ಗಾರ್ಡ್ ಬಿಗಿಸಿದರೆ ಪುಣೆಯಲ್ಲಿ ಅಳೆದ ಲೆಕ್ಕವೆಲ್ಲ ಬುಡಮೇಲು. ಮಡಚಿಕೊಂಡು ಪೆಟ್ಟು ನುಂಗಬೇಕಾದ ಮೂತಿ ಮಡಚುವುದಿಲ್ಲ, ಏರ್‌ಬ್ಯಾಗಿನ ಸಂವೇದಕಕ್ಕೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆಯಿತು. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಪುಟ್ಟ ಪಟ್ಟಿ ಇದ್ದರೆ ಅದರ ಮೇಲೆ ದಪ್ಪ ಸೀಟ್ ಕವರ್ ಎಳೆಯಬೇಡಿ; ಚೀಲ ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಕೊನೆಯದೊಂದು ಅಚ್ಚರಿ ಆರ್‌ಸಿಯಲ್ಲಿದೆ: ಹದಿನೇಳು ಅಕ್ಷರಗಳ ಚಾಸಿ ನಂಬರು. 1, 0ಗಳ ಜತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ. ಮಾರಿದ ಮೇಲೆ ದೋಷ ಕಂಡುಬಂದರೆ ಕಾರನ್ನು ವಾಪಸು ಕರೆಸಿ ಸರಿಮಾಡಿಕೊಡಿ ಎಂದು ಕಂಪನಿಗೆ ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಸರ್ಕಾರಕ್ಕೆ ಬಂದಿದೆ. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ಈ ಹದಿನೇಳು ಅಕ್ಷರ ಹಾಕಿದರೆ ನಿಮ್ಮ ಕಾರಿಗೆ ಅಂಥ ಕರೆ ಬಂದಿದೆಯೇ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಬಂದಿದ್ದರೆ ದೋಷವಿರುವ ಭಾಗವನ್ನು ಕಂಪನಿಯೇ ಪುಕ್ಕಟೆ ಸರಿಮಾಡಿಕೊಡುತ್ತದೆ.